ಎಣಿಕೆಯ ಜೊತೆಗೆ ಎಣಿಸಿದ ಹೊತ್ತು

ಶಿರಸಿಯ ನಮ್ಮ ಮನೆಯಂಗಳದಲ್ಲಿ ಒಂದು ಮಳೆಮಾಪಕವಿದೆ. ಮಳೆಗಾಲದಲ್ಲಿ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಪ್ಪಯ್ಯ ಅದರ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಹೊತ್ತು ಮೀರಿ 11ಕ್ಕೆ ಅಳೆದ ದಿನ, ಅಂಕಿಯ ಪಕ್ಕದಲ್ಲಿ ಆ ಗಂಟೆಯನ್ನೂ ಬರೆಯುತ್ತಾರೆ. ಇಲ್ಲವಾದರೆ ಇಪ್ಪತ್ತಾರೂವರೆ ತಾಸಿನ ಮಳೆಯು 24 ತಾಸಿನದೆಂದು ದಾಖಲಾಗುತ್ತದೆ.

ಸಾಫ್ಟ್‌ವೇರ್ ನಿಯಂತ್ರಿತ ಜಾಲಗಳ ಅಂಕಿಅಂಶ ಸಂಗ್ರಹಿಸುವಾಗ ನಾನು ಮಾಡಿದ್ದು ಇದೇ ತಪ್ಪು. ಇಂಥ ಜಾಲದಲ್ಲಿ ಯಾವ ದತ್ತಾಂಶವನ್ನು ಎತ್ತ ಕಳುಹಿಸಬೇಕೆಂಬ ನಿಯಮಗಳನ್ನು ಕಂಟ್ರೋಲರ್ ಎಂಬ ತಂತ್ರಾಂಶವು ಓಪನ್‌ಫ್ಲೋ ಎಂಬ ಸಂವಹನ ಕ್ರಮದ ಮೂಲಕ ಸ್ವಿಚ್ಚುಗಳಿಗೆ ಕೊಡುತ್ತದೆ. ಸ್ವಿಚ್ಚು ಪ್ರತಿ ನಿಯಮದಡಿ ಹಾದುಹೋದ ಪ್ಯಾಕೆಟ್ (ದತ್ತಾಂಶದ ತುಣುಕು) ಮತ್ತು ಬೈಟುಗಳನ್ನು ಎಣಿಸುತ್ತ ಹೋಗುತ್ತದೆ. ವೇಗ ಬೇಕಾದರೆ ಎರಡು ಎಣಿಕೆಗಳ ವ್ಯತ್ಯಾಸವನ್ನು ನಡುವಿನ ಕಾಲದಿಂದ ನಾವೇ ಭಾಗಿಸಬೇಕು. ನನ್ನ ಕಂಟ್ರೋಲರ್ ಈ ಎಣಿಕೆಯನ್ನು 10 ಸೆಕೆಂಡಿಗೊಮ್ಮೆ ಕೇಳುತ್ತಿದ್ದುದರಿಂದ ನಾನು 10ರಿಂದಲೇ ಭಾಗಿಸುತ್ತಿದ್ದೆ. ಆದರೆ ಸ್ವಿಚ್ಚಿಗೆ ಕೆಲಸ ಹೆಚ್ಚಾದಾಗ ನಮ್ಮ ಕೋರಿಕೆ ಸರದಿಯಲ್ಲಿ ಕಾಯುತ್ತದೆ. ಎರಡು ಎಣಿಕೆಗಳ ನಡುವೆ ನಿಜವಾಗಿ 12 ಸೆಕೆಂಡ್ ಕಳೆದು 15 ಮೆಗಾಬೈಟ್, ಅಂದರೆ 120 ಮೆಗಾಬಿಟ್ ಹರಿದಿದ್ದರೆ ವೇಗ ಸೆಕೆಂಡಿಗೆ 10 ಮೆಗಾಬಿಟ್. ನನ್ನ ಲೆಕ್ಕದಲ್ಲಿ ಅದು 12 ಆಗುತ್ತಿತ್ತು. ಮುಂದಿನ ಎಣಿಕೆ 8 ಸೆಕೆಂಡಿಗೇ ಬಂದಾಗ, ಜಾಲದಲ್ಲಿ ಇಲ್ಲದ ಇಳಿತವೊಂದು ನಕ್ಷೆಯಲ್ಲಿ ಕಾಣುತ್ತಿತ್ತು.

ಪರಿಹಾರ ಸ್ವಿಚ್ಚಿನ ಉತ್ತರದೊಳಗೇ ಇತ್ತು. ನಿಯಮ ಎಷ್ಟು ಕಾಲದಿಂದ ಜಾರಿಯಲ್ಲಿದೆ ಎಂಬುದನ್ನು ಸ್ವಿಚ್ಚು ತನ್ನದೇ ಗಡಿಯಾರದಿಂದ ಸೆಕೆಂಡ್ ಮತ್ತು ನ್ಯಾನೊಸೆಕೆಂಡುಗಳಲ್ಲಿ ಹೇಳುತ್ತದೆ. 2012ರ ಓಪನ್‌ಫ್ಲೋ 1.3 ಆವೃತ್ತಿಯಿಂದ ಪೋರ್ಟುಗಳ (ಸ್ವಿಚ್ಚಿಗೆ ಸಂಪರ್ಕ ಸೇರುವ ಕಿಂಡಿಗಳ) ಎಣಿಕೆಗೂ ಈ ಅವಧಿ ಸೇರಿದೆ. ಭಾಗಿಸಬೇಕಾದದ್ದು ಈ ಅವಧಿಗಳ ವ್ಯತ್ಯಾಸದಿಂದ. ಅವಧಿಯು ಹಿಂದಿನದಕ್ಕಿಂತ ಕಡಿಮೆಯಾಗಿ ಬಂದರೆ ಎಣಿಕೆ ಹೊಸದಾಗಿ ಆರಂಭವಾಗಿದೆ ಎಂದರ್ಥ, ಆ ಜೋಡಿಯನ್ನು ಕೈಬಿಡಬೇಕು.

ಹೆಚ್ಚು ಸಲ ಕೇಳಿದರೆ ನಿಖರತೆ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಓಪನ್ ವಿಸ್ವಿಚ್ ಎಂಬ ತಂತ್ರಾಂಶ ಸ್ವಿಚ್ಚಿನಲ್ಲಿ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ಮಾಡಿದ ಎಣಿಕೆ ಓಪನ್‌ಫ್ಲೋ ನಿಯಮಗಳ ಕೋಷ್ಟಕಕ್ಕೆ ಬಂದು ಸೇರುವುದಕ್ಕೆ ಸಾಮಾನ್ಯವಾಗಿ ಅರ್ಧ ಸೆಕೆಂಡಿನವರೆಗೆ ಹಿಡಿಯುವುದರಿಂದ, ಅದಕ್ಕಿಂತ ಬೇಗ ಕೇಳಿದರೆ ಹಳೆಯ ಅಂಕಿಯೇ ಮರಳಿ ಸಿಗಬಹುದು.

ಇನ್ನೊಂದು ಎಚ್ಚರಿಕೆ ಬೇಕಾದದ್ದು ಇಲ್ಲದ ಎಣಿಕೆಯ ವಿಷಯದಲ್ಲಿ. ಸ್ವಿಚ್ಚು ಒಂದು ಎಣಿಕೆಯನ್ನು ಇಡುವುದೇ ಇಲ್ಲವಾದರೆ, ಆ ಸ್ಥಾನದಲ್ಲಿ 18446744073709551615, ಅಂದರೆ 64 ಬಿಟ್‌ಗಳ ಗರಿಷ್ಠ ಸಂಖ್ಯೆಯನ್ನು ಕಳುಹಿಸಬೇಕೆಂದು 1.3ರ ನಿಯಮಾವಳಿ ಹೇಳುತ್ತದೆ. ಅದನ್ನು ದಟ್ಟಣೆಯೆಂದೂ ಓದಬಾರದು, ಸೊನ್ನೆಯೆಂದೂ ಬರೆಯಬಾರದು. ಅಳೆಯಲಾಗದ ದಿನಕ್ಕೆ ಅಪ್ಪಯ್ಯ ಗೆರೆ ಎಳೆಯುತ್ತಾರೆ. ಮಳೆ ಬಾರದ ದಿನಕ್ಕಷ್ಟೇ ಸೊನ್ನೆ ಹಾಕುತ್ತಾರೆ.

ಎರಡು ಕೋರಿಕೆಗಳ ನಡುವೆ ಹುಟ್ಟಿ ಅಳಿಯುವ ನಿಯಮಗಳ ಬೈಟುಗಳು ಮಾತ್ರ ಈ ಕ್ರಮದಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ. ನಿಯಮ ಹಾಕುವಾಗಲೇ ಕೇಳಿಕೊಂಡಿದ್ದರೆ, ಅದನ್ನು ತೆಗೆಯುವಾಗ ಸ್ವಿಚ್ಚು ಕೊನೆಯ ಎಣಿಕೆಯನ್ನು ತಾನಾಗಿಯೇ ಕಳುಹಿಸುತ್ತದೆ. ಕಾಲಮಿತಿಯಿರುವ ನಿಯಮಗಳಿಗೆಲ್ಲ ಈಗ ಹಾಗೆ ಕೇಳಿದ್ದೇನೆ, ಉಳಿದವಕ್ಕೆ 10 ಸೆಕೆಂಡಿನ ಕೋರಿಕೆಯನ್ನೇ ಇಟ್ಟುಕೊಂಡಿದ್ದೇನೆ.