ದೀಪಾವಳಿಗೆ ಊರಿಗೆ ಏಕೆ ಬರುವುದಿಲ್ಲ ಎಂದು ಕೇಳುವವರಿಗೆ

ಧಾರವಾಡ ಬಿಟ್ಟು ಪುಣೆಯಲ್ಲಿ ನೆಲೆಸಿದ ಮೇಲೆ, ನವರಾತ್ರಿ ಮುಗಿಯುತ್ತಿದ್ದಂತೆ ಫೋನುಗಳು ಶುರುವಾಗುತ್ತವೆ. "ದೀಪಾವಳಿಗೆ ಬರುತ್ತೀಯೋ, ಈ ಸಲವೂ ಆ ಬಿಟ್ಟಿ ಹಾಡು ಕೇಳುತ್ತ ಅಲ್ಲೇ ಕೂಡುತ್ತೀಯೋ?" ಕಾಕಾ ಕೇಳುತ್ತಾರೆ, ಮೌಶಿ ಕೇಳುತ್ತಾಳೆ, ಅವರಿಂದ ಸುದ್ದಿ ತಿಳಿದ ನೆರೆಮನೆಯವರೂ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಒಮ್ಮೆಲೇ ಹೇಳಿಬಿಡುತ್ತೇನೆ: ಹೌದು, ಅಲ್ಲೇ ಕೂಡುತ್ತೇನೆ. ಯುಗಾದಿಗೆ ಬರುತ್ತೇನೆ, ಜಾತ್ರೆಗೆ ಬರುತ್ತೇನೆ, ಕರೆದರೆ ತೊಟ್ಟಿಲ ಶಾಸ್ತ್ರಕ್ಕೂ ಬರುತ್ತೇನೆ. ದೀಪಾವಳಿಯೊಂದನ್ನು ನನಗೆ ಬಿಟ್ಟುಕೊಡಿ.

ಇಲ್ಲಿ ಆ ಹಾಡಿನ ಬೆಳಗಿಗೆ ದಿವಾಳಿ ಪಹಾಟ್, ಅಂದರೆ ದೀಪಾವಳಿಯ ನಸುಕು, ಎನ್ನುತ್ತಾರೆ. ನರಕ ಚತುರ್ದಶಿಯಂದೋ ಪಾಡ್ಯದಂದೋ ನಸುಕಿನಲ್ಲೇ ಎಣ್ಣೆ ಸ್ನಾನ ಮುಗಿಸಿ, ಹೊಸ ಬಟ್ಟೆ ತೊಟ್ಟು, ಜನ ಸಂಗೀತ ಕೇಳಲು ಉದ್ಯಾನಗಳಿಗೆ, ಮೈದಾನಗಳಿಗೆ ಬರುತ್ತಾರೆ. ಸಾರಸ್‌ಬಾಗಿನಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ನಾನು ಹೋಗುವುದು ಕೊಥ್ರೂಡಿನ ಒಂದು ಸಣ್ಣ ಉದ್ಯಾನಕ್ಕೆ. ಟಿಕೆಟ್ ಇಲ್ಲ, ಮೊದಲು ಬಂದವರಿಗೆ ಜಮಖಾನದ ಮೊದಲ ಸಾಲು.

"ಬಿಟ್ಟಿ ಹಾಡುವವರು ಎಂಥವರಿರುತ್ತಾರೆ?" ಎನ್ನುವುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಯಾರೂ ಬಿಟ್ಟಿ ಹಾಡುವುದಿಲ್ಲ. ಸಂಭಾವನೆಯನ್ನು ಬ್ಯಾಂಕಿನವರು, ಆಭರಣದ ಅಂಗಡಿಯವರು, ಬಿಲ್ಡರ್‌ಗಳು, ವಾರ್ಡಿನ ಮುಖಂಡರು ಕೊಡುತ್ತಾರೆ. ಈ ಪ್ರಶ್ನೆಯನ್ನು ಬೇರೆ ಊರಿನವರು ಕೇಳಿದರೆ ಸುಮ್ಮನಿರುತ್ತೇನೆ. ಧಾರವಾಡದವರು ಕೇಳಿದಾಗ ಸಿಟ್ಟು ಬರುತ್ತದೆ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಕುಳಿತು ಎದ್ದು ಬಂದವರು ನೀವು. ಅಲ್ಲಿ ಗಂಗೂಬಾಯಿ ಹಾನಗಲ್ಲರ ಹಾಡು ಕೇಳಿದ್ದನ್ನು ಹೇಳುವಾಗ ಕಾಕಾರ ಕಣ್ಣು ಇಂದಿಗೂ ತುಂಬಿಬರುತ್ತದೆ. ಅಂದು ಬಾಗಿಲಲ್ಲಿ ನಿಮ್ಮಿಂದ ಯಾರು ಟಿಕೆಟ್ ಕೇಳಿದ್ದರು? ತಮ್ಮ ಗುರುವಾಗಿದ್ದ ಅದೇ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೆ ಟಿಕೆಟ್ ಇದೆ. ಅದಕ್ಕೂ ದುಡ್ಡು ಕೊಟ್ಟು ಹೋಗುತ್ತೇನೆ. ದುಡ್ಡು ಉಳಿಸಲು ನಸುಕಿನಲ್ಲಿ ಏಳುವವನಲ್ಲ ನಾನು.

ಏಳುವುದು ಬೆಳಗಿನ ರಾಗಗಳಿಗಾಗಿ. ಸಭಾಗೃಹದ ಸಂಗೀತ ಕಚೇರಿಗಳು ಬಹುಪಾಲು ಸಂಜೆಯವು. ಅಲ್ಲಿ ಲಲಿತ್, ಭೈರವ್ ಕೇಳಲು ಸಿಗುವುದು ಅಪರೂಪ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹೀಗಾಗಿ ಬೆಳಗಿನವರೆಗೆ ನಡೆಯುತ್ತಿದ್ದ ಸಂಗೀತವೂ ಈಗ ಸಾಮಾನ್ಯವಾಗಿ 10ಕ್ಕೆ ನಿಲ್ಲುತ್ತದೆ. ತಡರಾತ್ರಿಯ ರಾಗಗಳಾದ ಮಾಲಕಂಸ, ದರ್ಬಾರಿ ಹಾಡುವವರು ಗಡಿಯಾರ ನೋಡಿಕೊಳ್ಳಬೇಕು. ಆದರೆ ದೀಪಾವಳಿಯ ಹೊತ್ತಿಗೆ ಪುಣೆಯಲ್ಲಿ ಸೂರ್ಯ ಹುಟ್ಟುವುದೇ ಆರೂವರೆಯ ಆಸುಪಾಸಿನಲ್ಲಿ. 6ಕ್ಕೆ ಸರಿಯಾಗಿ ಶುರು ಮಾಡಿದರೂ ಅರ್ಧ ಗಂಟೆಯ ನಸುಕು ಕೈಗೆ ಸಿಗುತ್ತದೆ. ಲಲಿತ್‌ಗೆ ಬೇಕಾದದ್ದು ಆ ಅರ್ಧ ಗಂಟೆಯೇ.

ಇಲ್ಲಿಗೆ ಬಂದ ಹೊಸತರಲ್ಲಿ, ಒಂದು ಪಾಡ್ಯದಂದು, ತಬಲಾದವರ ಎದುರಿಗೇ ಜಾಗ ಸಿಕ್ಕಿತ್ತು. ಇಬ್ಬನಿಗೆ ಚರ್ಮ ಸಡಿಲಾಗಿ ಸ್ವರ ಇಳಿಯುತ್ತಿತ್ತು. ಹಾಡುಗಾರ್ತಿ ಆಲಾಪ ಮಾಡುತ್ತಿದ್ದಾಗಲೇ ತಬಲಾದವರು ಪುಟ್ಟ ಸುತ್ತಿಗೆಯಿಂದ ಅಂಚಿನ ಹೆಣಿಗೆಗೆ ಮೇಲಿನಿಂದ ತಟ್ಟಿ ಏರಿಸಿದರು. ಮರಗಳ ಸಂದಿನಿಂದ ಬಿಸಿಲು ವೇದಿಕೆಗೆ ಬಿದ್ದ ಮೇಲೆ ಅದೇ ಚರ್ಮ ಬಿಗಿಯತೊಡಗಿತು. ಈಗ ಕೆಳಗಿನಿಂದ ಮೇಲಕ್ಕೆ ತಟ್ಟಿ ಇಳಿಸಿದರು. ಅಷ್ಟರಲ್ಲಿ ಲಲಿತ್ ಮುಗಿದು ತೋಡಿ ಶುರುವಾಗಿತ್ತು. ಬಾಗಿಲು ಮುಚ್ಚಿ ಹವಾನಿಯಂತ್ರಣ ಹಾಕಿದ ಸಭಾಗೃಹದಲ್ಲಿ ಇದನ್ನು ನೋಡಲು ಎಲ್ಲಿ ಸಿಗುತ್ತದೆ?

ನಾಟ್ಯಗೀತೆ, ಅಭಂಗ ಎಲ್ಲ ಆಗಿ ಮುಗಿಯುವ ಹೊತ್ತಿಗೆ ಹಿಂದಿನಿಂದ ಒಬ್ಬರು "ಭಾಗ್ಯದ ಲಕ್ಷ್ಮೀ" ಎಂದು ಕೂಗಿದರು. ಕನ್ನಡ ಬಾರದ ಪುಣೆಯವರು ಪುರಂದರದಾಸರ ಪದವನ್ನು ಹೆಸರು ಹಿಡಿದು ಕೇಳಿದರು! ಭೀಮಸೇನರು ಹಾಡಿ ಹಾಡಿ ಅದನ್ನು ಈ ಊರಿನದೂ ಮಾಡಿಟ್ಟು ಹೋಗಿದ್ದಾರೆ. ಪಕ್ಕದಲ್ಲಿದ್ದ ಒಬ್ಬ ಮರಾಠಿ ಕಾಕೂ (ಚಿಕ್ಕಮ್ಮ) ತಾಳ ಹಾಕುತ್ತ ಪಲ್ಲವಿ ಹಾಡಿದರು, ಚರಣ ಬಂದಾಗ ನನ್ನ ಬಾಯನ್ನೇ ನೋಡಿದರು. ಶುಕ್ರವಾರದ ಪೂಜೆಯಲ್ಲಿ ಅವ್ವ ಹಾಡುತ್ತಿದ್ದ ಪದ. ನಾನು ಗಂಟಲು ಬಿಚ್ಚಿ ಹಾಡಿದೆ. ಅದುವರೆಗೆ ಈ ಊರಿನಲ್ಲಿ ಆಫೀಸಿನವರನ್ನು ಬಿಟ್ಟರೆ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಕಾಕೂ ಈಗ ಪ್ರತಿ ಪಾಡ್ಯಕ್ಕೆ ಚಕ್ಕುಲಿಯ ಡಬ್ಬಿಯನ್ನಿಟ್ಟು ನನಗೊಂದು ಜಾಗ ಹಿಡಿದಿರುತ್ತಾರೆ.

ಊರಿನವರು ಒಮ್ಮೆಯಾದರೂ "ಯಾರು ಹಾಡಿದರು? ಯಾವ ರಾಗ?" ಎಂದು ಕೇಳಲಿ ಎಂದು ಕಾದಿದ್ದೇನೆ. ಕೇಳಿದ್ದರೆ ಹೇಳುತ್ತಿದ್ದೆ: ಪಂಚಮ ಸ್ವರವೇ ಇಲ್ಲದ ಲಲಿತ್‌ನಲ್ಲಿ ಆ ಹಾಡುಗಾರ್ತಿ ಎರಡೂ ಮಧ್ಯಮಗಳನ್ನು ಒಂದರ ಬೆನ್ನಿಗೊಂದು ಹಚ್ಚಿ ಹೇಗೆ ನಿಲ್ಲಿಸಿದರು, ಮೇಲಿನ ಷಡ್ಜಕ್ಕೆ ಹೋದಂತೆ ಮಾಡಿ ಎಷ್ಟು ಸಲ ಹಿಂದಿರುಗಿದರು, ಕೊನೆಗೆ ಮುಟ್ಟಿದಾಗ ಇಡೀ ಜಮಖಾನದಿಂದ ಎಂಥ ಉದ್ಗಾರ ಎದ್ದಿತು. ಕಾಕಾ, ಇದೆಲ್ಲ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬರುವ ಪಾಡ್ಯಕ್ಕೆ ನೀವೇ ಹೊರಟು ಬನ್ನಿ. ಎರಡು ಜಾಗ ಹಿಡಿಯಿರಿ ಎಂದು ಕಾಕೂಗೆ ಈಗಲೇ ಹೇಳಿಡುತ್ತೇನೆ.