ಅಮೆರಿಕದವರು ರಟ್ಟಿನ ಮನೆ ಯಾಕೆ ಕಟ್ಟುತ್ತಾರೆ?

ನಾನಿರುವುದು ಒಕ್ಲಹೋಮಾದಲ್ಲಿ ಅಂತ ಗೊತ್ತಾದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ. “ವರ್ಷ ವರ್ಷ ಸುಂಟರಗಾಳಿ ಬಂದು ಮನೆ ಕಿತ್ತುಕೊಂಡು ಹೋಗುತ್ತೆ. ಆದ್ರೂ ಅದೇ ರಟ್ಟಿನ ಮನೆ ಯಾಕೆ? ನಮ್ಮ ಹಾಗೆ ಕಾಂಕ್ರೀಟ್ ಹಾಕಬಾರದಾ?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ರಟ್ಟಲ್ಲ, ಮರದ ಚೌಕಟ್ಟು. ದಾವಣಗೆರೆಯ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಕಂಟ್ರಾಕ್ಟರ್ ಒಬ್ಬರು “ಬುದ್ಧಿ ಇಲ್ಲದ ಜನ” ಅಂದುಬಿಟ್ಟರು. ನನಗೆ ಅನ್ನ ಇಳಿಯಲಿಲ್ಲ. ಮನೆ ಕಳಕೊಂಡವರ ಅಕ್ಕಪಕ್ಕದಲ್ಲೇ ನಾನು ಬದುಕುತ್ತಿದ್ದೇನೆ. ಅವರನ್ನು ದಡ್ಡರು ಅನ್ನಬೇಡಿ.

1999ರ ಮೇ 3ರಂದು ಒಕ್ಲಹೋಮಾ, ಕಾನ್ಸಾಸ್ ಬಯಲಲ್ಲಿ ಸುಂಟರಗಾಳಿಗಳ ಸಾಲೇ ಎದ್ದಿತು. ಬ್ರಿಜ್ ಕ್ರೀಕ್‌ನಿಂದ ಮೂರ್ ಪಟ್ಟಣಕ್ಕೆ ನುಗ್ಗಿದ್ದರ ವೇಗವನ್ನು ಲಾರಿ ಮೇಲಿನ ರಾಡಾರ್ ಅಳೆಯಿತು: ಗಂಟೆಗೆ 480 ಕಿಲೋಮೀಟರ್ ಆಸುಪಾಸು. ಅಂಥ ಗಾಳಿ ತೊಲೆ, ತಗಡು, ಕಾರುಗಳನ್ನೂ ಎತ್ತಿ ತಂದು ಬಡಿಯುತ್ತದೆ. ಗ್ಯಾರೇಜ್ ಬಾಗಿಲು ಮುರಿದರೆ ಒಳಗೆ ನುಗ್ಗಿ ಚಾವಣಿಯನ್ನು ಮೇಲಕ್ಕೆ ತಳ್ಳುತ್ತದೆ. ಒಳಗೆ ಸರಿಯಾಗಿ ಕಬ್ಬಿಣ ಕಟ್ಟದ ಗೋಡೆ ಎಷ್ಟು ದಪ್ಪ ಇದ್ದರೇನು, ಕೆಳಗಿದ್ದವರ ಮೇಲೇ ಮಲಗುತ್ತದೆ. 2013ರ ಮೇ 20ರಂದು ಅದೇ ಮೂರ್‌ನ ಪ್ಲಾಜಾ ಟವರ್ಸ್ ಶಾಲೆಯಲ್ಲಿ ಗೋಡೆ ಕುಸಿದು 7 ಮಕ್ಕಳು ಸತ್ತರು.

ಪೂರ್ತಿ ಆರ್‌ಸಿಸಿ ಮನೆ ತಡೆದೀತು, ಒಪ್ಪುತ್ತೇನೆ. ಆದರೆ ಒಂದು ಮನೆಗೆ ಅಂಥ ಗಾಳಿಯೇ ಬಂದು ಹೊಡೆಯುವುದು ತೀರಾ ಅಪರೂಪ.

ಹಾಗಾಗಿ ಇಲ್ಲಿನವರು ಮನೆಯ ಒಂದು ಮೂಲೆಯನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ನಮ್ಮ ಗ್ಯಾರೇಜಿನ ನೆಲದಲ್ಲಿ ಉಕ್ಕಿನ ಪೆಟ್ಟಿಗೆ ಹೂತಿದೆ. ಮುಚ್ಚಳ ಸರಿಸಿ ಮೆಟ್ಟಿಲಿಳಿದರೆ ಎದುರುಬದುರು ಬೆಂಚು, ನೀರು, ಹೆಲ್ಮೆಟ್, ಹಳೆ ಶೂ. ಆಮೇಲೆ ಗಾಜಿನ ಚೂರಿನ ಮೇಲೆ ನಡೆದು ಬರಬೇಕಲ್ವಾ? ಪೆಟ್ಟಿಗೆ ಇರುವ ಜಾಗವನ್ನು ನಗರಾಡಳಿತಕ್ಕೆ ಬರೆದುಕೊಟ್ಟಿದ್ದೇವೆ. ಮನೆ ಅದರ ಮೇಲೇ ಬಿದ್ದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ಗೊತ್ತಿರಬೇಕು.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ. 1999ರ ಆ ಸಂಜೆ ಸಾವಿರಾರು ಮನೆ ಹಾಳಾದವು. ಮೂರ್‌ಗೆ ಬಂದ ಆ ಒಂದು ಸುಂಟರಗಾಳಿಗೆ 36 ಜನ ಬಲಿಯಾದರು. ಉಳಿದವರು ಉಳಿದದ್ದು ಹೇಗೆ?

ಮುಂಚೆಯೇ ಗೊತ್ತಾಗಿದ್ದರಿಂದ. ಗಾಳಿ ಮೂರ್ ತಲುಪುವ ಮೊದಲೇ, ಸಂಜೆ 6:57ಕ್ಕೆ, ನಾರ್ಮನ್ ಊರಿನ ಹವಾಮಾನ ಕಚೇರಿ ಮೊಟ್ಟಮೊದಲ ಬಾರಿಗೆ ‘ಟೊರ್ನಾಡೊ ಎಮರ್ಜೆನ್ಸಿ’ (ಸುಂಟರಗಾಳಿ ತುರ್ತು ಪರಿಸ್ಥಿತಿ) ಎಂದು ಸಾರಿತು. ಟಿವಿಯವರು ಹೆಲಿಕಾಪ್ಟರಿನಿಂದ ನೇರವಾಗಿ ತೋರಿಸುತ್ತಿದ್ದರು. ಬಚ್ಚಲಿಗೋ, ಒಳಕೋಣೆಗೋ, ಪಕ್ಕದವರ ನೆಲಮಾಳಿಗೆಗೋ ಓಡಲು ಜನಕ್ಕೆ ಟೈಮ್ ಸಿಕ್ಕಿತು.

ಬ್ರಿಜ್ ಕ್ರೀಕ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರು ಮೊಬೈಲ್ ಹೋಮ್‌ಗಳಲ್ಲಿದ್ದವರು, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸಿದ ಹಗುರ ಮನೆಗಳಲ್ಲಿದ್ದವರು. ಅವು ಇದಕ್ಕಿಂತ ಸಣ್ಣ ಗಾಳಿಗೂ ಮಗುಚಿಬೀಳುತ್ತವೆ. ಅಲ್ಲಿ ಒಳಕೋಣೆ ಸೇರಿದರೂ ಪ್ರಯೋಜನವಿಲ್ಲ. ನೆಲದ ಪೆಟ್ಟಿಗೆಗೆ ಸಾವಿರಾರು ಡಾಲರ್ ಬೇಕು, ಬಾಡಿಗೆಯವರು ತಾವೇ ಹಾಕಿಸುವಂತೆಯೂ ಇಲ್ಲ. ಮೊಬೈಲ್ ಹೋಮ್‌ಗಳಿರುವ ಪ್ರತಿ ಬಡಾವಣೆಗೂ ಒಂದು ಗಟ್ಟಿ ಆಶ್ರಯ ಯಾಕಿಲ್ಲ? ಇದನ್ನು ಕೇಳಿ. ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ.