ದೊಡ್ಡಪ್ಪನ ಗೂನುಬೆನ್ನಿನ ಬ್ರೌನಿಂಗ್

ದೊಡ್ಡಪ್ಪನ ಕೋವಿ ಈಗ ನನ್ನ ಹೆಸರಿನಲ್ಲಿದೆ. ಒಂದು ಈಡು ಹಾರಿದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಚರೆ ಕೋವಿ ಅದು. ಲೈಸೆನ್ಸ್ ಕೆಲಸ ಪೂರ್ತಿ ಮುಗಿಯುವ ತನಕ ಪೆಟ್ಟಿಗೆ ತೆಗೆದಿರಲಿಲ್ಲ. ತೆಗೆಯುವುದಕ್ಕೆ ಮೊದಲೇ ಅವರ ಮಗ ತೀರ್ಪು ಕೊಟ್ಟಾಗಿತ್ತು. "ಅದು ಅಮೆರಿಕದ ರೆಮಿಂಗ್ಟನ್ ಅಣ್ಣಾ, ಅಪ್ಪ ಸುಮ್ನೆ ಬ್ರೌನಿಂಗ್ ಅಂತಿದ್ರು."

ಅವನು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ಬ್ರೌನಿಂಗ್, ರೆಮಿಂಗ್ಟನ್ ಎರಡೂ ಒಬ್ಬನೇ ಮನುಷ್ಯ ಹಾಕಿದ ನಕ್ಷೆ. ಜಾನ್ ಬ್ರೌನಿಂಗ್ ಇದನ್ನು 1898ರ ಹೊತ್ತಿಗೆ ರೂಪಿಸಿದ. ವಿಂಚೆಸ್ಟರ್ ಕೋವಿ ಕಂಪನಿಯವರ ಜೊತೆ ರಾಯಲ್ಟಿ ವಿಷಯದಲ್ಲಿ ಮಾತು ಮುರಿಯಿತು. 1902ರ ಜನವರಿಯಲ್ಲಿ ರೆಮಿಂಗ್ಟನ್‌ಗೆ ಹೋದ. ಒಳಗೆ ಕರೆಯಲಿ ಅಂತ ಕಾಯುತ್ತಾ ಕೂತಿದ್ದಾಗಲೇ ಅಲ್ಲಿನ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋಗಿ, ಹೆರ್ಸ್ಟಾಲ್‌ನ ಎಫ್‌ಎನ್ ಕೋವಿ ಕಾರ್ಖಾನೆಗೆ ಕೊಟ್ಟ. ಆಮೇಲೆ 1905ರಲ್ಲಿ ರೆಮಿಂಗ್ಟನ್ ಕೂಡ ಲೈಸೆನ್ಸ್ ಪಡೆದು ಇದನ್ನೇ ಮಾಡತೊಡಗಿತು. ಮುಂದೆ ಅದರ ಹೆಸರು ಮಾಡೆಲ್ 11 ಆಯಿತು. ಸ್ಯಾವೇಜ್ ಕಂಪನಿಯದೂ ಒಂದಿದೆ, 720 ಅಂತ. ಮೂರಕ್ಕೂ ಅದೇ ಚೌಕ ಬೆನ್ನು, ಅದೇ ಗೂನು. ದೂರದಿಂದ ನೋಡಿ ಹೇಳುವುದು ಕಷ್ಟ.

ಹತ್ತಿರದಿಂದ ಕಷ್ಟ ಇಲ್ಲ. ನಮ್ಮದರ ಎಡಗಡೆ ಮುಂದಕ್ಕೆ ಒಂದು ಪುಟ್ಟ ಸನ್ನೆ ಇದೆ, ಮ್ಯಾಗಜಿನ್ ಕಟ್‌ಆಫ್. ಅದನ್ನು ತಿರುಗಿಸಿದರೆ ನಳಿಗೆಯ ಕೆಳಗಿನ ಕೊಳವೆಯಲ್ಲಿರುವ ತೋಟಾಗಳು ಅಲ್ಲೇ ನಿಲ್ಲುತ್ತವೆ. ನಳಿಗೆಗೆ ಬೇರೆ ತೋಟಾ ಒಂದನ್ನೇ ಹಾಕಬಹುದು. ಮಾಡೆಲ್ 11ರಲ್ಲಿ ಅದಿಲ್ಲ. ನಮ್ಮದರ ಸೇಫ್ಟಿ, ಅಂದರೆ ಈಡು ತಪ್ಪಿ ಹಾರದಂತೆ ತಡೆಯುವ ಸನ್ನೆ, ಟ್ರಿಗರ್ ಸುತ್ತಿನ ಗಾರ್ಡ್‌ನ ಒಳಗೆ, ಮುಂಭಾಗದಲ್ಲಿದೆ. ಟ್ರಿಗರ್‌ನ ಹಿಂದೆ ಅಡ್ಡಕ್ಕೆ ಒತ್ತುವ ಗುಂಡಿ ಎಫ್‌ಎನ್‌ನವರ ಕೋವಿಗೆ ಬಂದದ್ದು 1950ರ ದಶಕದಲ್ಲಿ. ಹಾಗಾಗಿ ಇದು ಅದಕ್ಕೂ ಹಳೆಯದು. ಹಳೆಯ ಜಾಗ ನನಗೆ ಒಂಚೂರೂ ಇಷ್ಟವಾಗಲಿಲ್ಲ. ಸೇಫ್ಟಿ ತೆಗೆಯಲು ಬೆರಳನ್ನು ಟ್ರಿಗರ್ ಪಕ್ಕದಲ್ಲೇ ಆಡಿಸಬೇಕು.

ಇಷ್ಟಾದ ಮೇಲೆ ಬಿಚ್ಚಿದೆ. ನಿಜವಾದ ಗುರುತು ಇರುವುದು ಮುಂದಿನ ಮರದ ಕೆಳಗೆ. ಮೊದಲು ನಳಿಗೆ ಖಾಲಿಯೇ, ಕೊಳವೆ ಖಾಲಿಯೇ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ಆಮೇಲೆ ನಳಿಗೆಯ ತುದಿಯನ್ನು ಮೆತ್ತಗಿನ ಬಟ್ಟೆಯ ಮೇಲೆ ಸ್ವಲ್ಪ ಒತ್ತಿ ಹಿಡಿದು ಕೊಳವೆಯ ತುದಿಯ ಮುಚ್ಚಳ ತಿರುಗಿಸಿದರೆ ಮರ ಬಿಡುತ್ತದೆ, ನಳಿಗೆಯೂ ಬರುತ್ತದೆ. ನಳಿಗೆಯ ಬುಡದಲ್ಲಿ ಮುದ್ರೆಗಳ ಸಂತೆಯೇ ಇತ್ತು. ಕಿರೀಟದ ಕೆಳಗೆ ಮೊಟ್ಟೆಯಾಕಾರದೊಳಗೆ ಇಎಲ್‌ಜಿ. ಅದು ಬೆಲ್ಜಿಯಂನ ಲಿಯೇಜ್ ಊರಿನ ಕೋವಿ ಪರೀಕ್ಷಾಲಯದ ಗುರುತು. 18.4 ಅನ್ನುವುದು ನಳಿಗೆಯ ಒಳ ಅಳತೆ, ಮಿಲಿಮೀಟರ್‌ನಲ್ಲಿ. ಪಕ್ಕದಲ್ಲಿ ಸಣ್ಣ ಎನ್ ಅಕ್ಷರ. ಲಿಯೇಜ್‌ನವರು 1922ರಿಂದ ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದರು. ಎ ಇಂದ ಎಣಿಸಿಕೊಂಡು ಬಂದರೆ ಎನ್ ಸಿಗುವುದು 1935ಕ್ಕೆ. ಎಲ್ಲಿ, ಯಾವಾಗ ಎಂಬ ಎರಡೂ ಪ್ರಶ್ನೆಗೆ ಒಂದೇ ಜಾಗದಲ್ಲಿ ಉತ್ತರ. ಫೋಟೋ ಕಳಿಸಿದೆ. ತಮ್ಮ ಸುಮ್ಮನಾದ.

ಇನ್ನೊಂದು ಅಂಕಿಯೂ ಅಲ್ಲಿತ್ತು, ಎಲ್ಲಕ್ಕಿಂತ ಮುಖ್ಯವಾದದ್ದು. ತೋಟಾ ಕೂರುವ ಜಾಗದ ಉದ್ದ 65 ಮಿಲಿಮೀಟರ್. ಈಗ ಸಾಮಾನ್ಯವಾಗಿ ಸಿಗುವುದು 70ರ ತೋಟಾ. ತೊಂದರೆ ಏನೆಂದರೆ, ಅದು ಇದರೊಳಗೆ ಆರಾಮಾಗಿ ಕೂರುತ್ತದೆ. ಹೊಡೆಯುವ ಮೊದಲು ಬಾಯಿ ಮಡಚಿರುತ್ತದಲ್ಲ, ಹಾಗಾಗಿ ಗಿಡ್ಡ. ಈಡು ಹಾರಿದಾಗ ಮಡಿಕೆ ಬಿಚ್ಚಿಕೊಂಡು 70 ಆಗುತ್ತದೆ. ಆಗ ಬಾಯಿ ತೆರೆದುಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಅಂತ ಹೊಡೆಯಬಾರದು. ಉಕ್ಕಿನ ಚರೆಯೂ ಈ ಹಳೆಯ ಬೆಲ್ಜಿಯಂ ನಳಿಗೆಗಳಿಗೆ ಬೇಡ.

ಇದರ ಒಳಗಿನ ಕೆಲಸ ನೋಡಿದ ಮೇಲೆ ಬ್ರೌನಿಂಗ್ ಬಗ್ಗೆ ಗೌರವ ಇನ್ನೂ ಜಾಸ್ತಿ ಆಯಿತು. ಈಡು ಹಾರಿದ ತಕ್ಷಣ ನಳಿಗೆಯೇ ಹಿಂದಕ್ಕೆ ಬರುತ್ತದೆ, ಅದರ ಹಿಂಬಾಯಿ ಮುಚ್ಚುವ ಬೋಲ್ಟ್ ಜೊತೆಗೆ ಅಂಟಿಕೊಂಡು, ಪೂರ್ತಿ ದೂರ. ಹಿಂದೆ ಬೋಲ್ಟ್ ಸಿಕ್ಕಿಕೊಂಡು ನಿಲ್ಲುತ್ತದೆ. ನಳಿಗೆ ಒಂದೇ ಮುಂದಕ್ಕೆ ಹೋಗುತ್ತದೆ. ಆಗ ಖಾಲಿ ತೋಟಾ ಹೊರಗೆ ಹಾರುತ್ತದೆ. ಆಮೇಲೆ ಬೋಲ್ಟ್ ಮುಂದೆ ಹೋಗುವಾಗ ಹೊಸ ತೋಟಾ ಒಯ್ಯುತ್ತದೆ. ದೊಡ್ಡಪ್ಪ "ಇದು ಎರಡು ಸಲ ಒದೀತದೆ" ಅಂತಿದ್ದರು. ಅದು ಬರೀ ಮಾತಲ್ಲ, ಹೆಗಲಿಗೆ ಎರಡು ತಳ್ಳು ನಿಜವಾಗಿಯೂ ಗೊತ್ತಾಗುತ್ತದೆ. ಗೂನು ಕೂಡ ಅಂದಕ್ಕೆ ಮಾಡಿದ್ದಲ್ಲ. ಬೋಲ್ಟ್ ನೇರ ಹಿಂದಕ್ಕೆ ಓಡಲು ಅಷ್ಟು ಜಾಗ ಬೇಕು. ಗುರಿ ಹಿಡಿದಾಗ ಆ ಉದ್ದನೆಯ ಚಪ್ಪಟೆ ಬೆನ್ನು ಕಣ್ಣನ್ನು ಸೀದಾ ಮುಂದಕ್ಕೆ ಕರೆದೊಯ್ಯುತ್ತದೆ.

ಇಷ್ಟು ಭಾರದ ನಳಿಗೆ ಓಡಾಡುವಾಗ ಅದನ್ನು ತಡೆಯುವುದು ದೊಡ್ಡ ಸ್ಪ್ರಿಂಗ್, ಒಂದು ಕಂಚಿನ ತುಂಡು, ಒಂದು ಉಕ್ಕಿನ ಬಳೆ. ಭಾರೀ ತೋಟಾಕ್ಕೆ ಬಳೆ ಸ್ಪ್ರಿಂಗ್‌ನ ಮುಂದೆ, ಅದರ ಓರೆಯಾದ ಅಂಚು ಕಂಚಿನ ತುಂಡಿನ ಕಡೆಗೆ. ಆಗ ಕಂಚು ಬಿಗಿಯಾಗಿ ಕೊಳವೆ ಹಿಡಿಯುತ್ತದೆ. ಹಗುರ ತೋಟಾಕ್ಕೆ ಬಳೆಯನ್ನು ಸ್ಪ್ರಿಂಗ್‌ನ ಹಿಂದೆ ಇಡಬೇಕು. ದೊಡ್ಡಪ್ಪನ ಬಳೆ ಹಿಂದೆ ಇತ್ತು. ಕೊಳವೆಯ ಮೇಲೆ ಎಣ್ಣೆ ತೆಳ್ಳಗೆ, ಒರೆಸಿದ ಹಾಗೆ. ಅಂದರೆ ಅವರಿಗೆ ಗೊತ್ತಿತ್ತು. ಹಗುರ ತೋಟಾವನ್ನೇ ಹೊಡೆಯುತ್ತಿದ್ದರು. ಎಣ್ಣೆ ಜಾಸ್ತಿಯಾದರೆ ಕಂಚು ಜಾರುತ್ತದೆ, ಒದೆತ ಹೆಚ್ಚುತ್ತದೆ ಎನ್ನುವುದೂ ಗೊತ್ತಿತ್ತು. ಈ ಜಾತಿಯ ಕೋವಿಗಳಲ್ಲಿ ಮುಂದಿನ ಮರ ಸೀಳುವುದು ಮಾಮೂಲಿ. ಇದರಲ್ಲಿ ಕೂದಲಿನಷ್ಟೂ ಬಿರುಕಿಲ್ಲ. ದೊಡ್ಡ ಸ್ಕ್ರೂಗಳ ಪಕ್ಕದಲ್ಲಿ ಅವು ತಿರುಗದಂತೆ ಹಿಡಿಯುವ ಮರಿ ಸ್ಕ್ರೂಗಳಿವೆ. ಅವುಗಳ ಸೀಳಿನ ಅಂಚು ಇನ್ನೂ ಚೂಪಾಗಿದೆ. ಯಾರೂ ಸಿಕ್ಕ ಸ್ಕ್ರೂಡ್ರೈವರ್ ತುರುಕಿ ಕೆದಕಿಲ್ಲ.

ತಮ್ಮನ ಹೊಸ ಸಲಹೆ, "ನೀಲಿ ಬಣ್ಣ ಹೊಸದಾಗಿ ಹಾಕಿಸು, ಹೊಳೆಯುತ್ತೆ." ಬೇಡ ಅಂದೆ. ಬೆನ್ನಿನ ಕೆಳಗೆ ಕೈ ಹಿಡಿಯುವ ಕಡೆ ಬಣ್ಣ ಸವೆದು ಬೆಳ್ಳಗಾಗಿದೆ, ನಿಜ. ಬಣ್ಣ ಹಾಕುವ ಮುಂಚೆ ಉಜ್ಜುತ್ತಾರೆ. ಉಜ್ಜಿದರೆ ಕೆತ್ತನೆಯೂ ಸಣ್ಣ ಎನ್ ಅಕ್ಷರವೂ ಮಸುಕಾಗುತ್ತವೆ. ಸ್ಪ್ರಿಂಗ್ ಮಾತ್ರ ಹೊಸದು ಹಾಕಿಸುತ್ತೇನೆ. ಅಷ್ಟು ವರ್ಷ ಒತ್ತಿಸಿಕೊಂಡು ಅದು ಗಿಡ್ಡವಾಗಿದೆ. ಕೋವಿ ರಿಪೇರಿಯವರ ಕೈಯಲ್ಲಿ ನಳಿಗೆಯನ್ನೂ ಬೋಲ್ಟನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು. ಸರಿ ಇದೆ ಅಂದರೆ 65ರ ಹಗುರ ತೋಟಾ ತರಿಸುವುದು. ಬಳೆ ಈಗ ಇರುವಲ್ಲೇ ಇರಲಿ.